ನೋಡಿದ ಸೀರೆ ಬೆನ್ನು ಹತ್ತದಂತೆ ಅಂಗಡಿಯ ವೆಬ್‌ಸೈಟ್ ಸ್ವಚ್ಛ ಮಾಡುವ ಬಗೆ

“ನಿಮ್ಮ ವೆಬ್‌ಸೈಟ್‌ನ್ಯಾಗ ಒಂದ್ ಸೀರಿ ನೋಡಿ ಬಿಟ್ಟಿದ್ನಿರಿ. ಸಂಜಿ ಅನ್ನೂದ್ರಾಗ ಅದ ಸೀರಿ ಫೇಸ್‌ಬುಕ್‌ನ್ಯಾಗ ಬಂದ್ ಕುಂತೈತಿ. ಫೋನ್ ನಮ್ಮ ಮಾತ್ ಕೇಳ್ತೈತೇನ್ರಿ?” ಬಾಗಲಕೋಟೆ, ಇಳಕಲ್ ಕಡೆಯ ಸೀರೆ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವ ನನಗೆ ಗಿರಾಕಿಗಳಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದು. ಇದರಷ್ಟೇ ಸಲ ಕೇಳುವ ಇನ್ನೊಂದು ಮಾತು: “ನಮ್ಮಂಥಾವ್ರ ಹತ್ರ ಮುಚ್ಚಿಡೂದು ಏನೈತ್ರಿ, ನೋಡ್ಲಿ ಬಿಡ್ರಿ.”

ಮೊದಲನೆಯವರಿಗೆ ಉತ್ತರ ಸುಲಭ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಗುಟ್ಟಾಗಿ ಮಾತು ಕದ್ದು ಕಳಿಸುವುದು ಅವರಿಗೆ ಸಿಗಲಿಲ್ಲ. ಸೀರೆ ಬೆನ್ನು ಹತ್ತಲು ಮೈಕ್ ಬೇಕಾಗಿಯೂ ಇಲ್ಲ, ಅಂಗಡಿಯವರು ತಾವೇ ಹಾಕಿಕೊಂಡ, ಫೇಸ್‌ಬುಕ್ ಕೊಟ್ಟ ‘ಪಿಕ್ಸೆಲ್’ ಎಂಬ ನಾಲ್ಕು ಸಾಲು ಕೋಡ್ ಸಾಕು. ಎರಡನೆಯವರಿಗೆ ನಾನು ಮನೆಯ ಮಾತು ಹೇಳುತ್ತೇನೆ. ನಮ್ಮ ಕಡೆ ಒಂದೇ ಫೋನನ್ನು ಅಪ್ಪ, ಅವ್ವ, ಮಗಳು ಮೂವರೂ ಹಿಡಿಯುತ್ತಾರೆ. ಟ್ರ್ಯಾಕಿಂಗ್ ಗುರುತು ಹಿಡಿಯುವುದು ಫೋನನ್ನು, ಮಗಳು ಹುಡುಕಿದ್ದು ಅಪ್ಪನ ಕಣ್ಣಿಗೆ ಜಾಹೀರಾತಾಗಿ ಬೀಳುತ್ತದೆ. ಸೀರೆಯಾದರೆ ಹೋಗಲಿ, ಹೆರಿಗೆ ಆಸ್ಪತ್ರೆಯ ಪುಟವಾದರೆ? ಹೀಗಾಗಿ ಈ ಕೆಲಸವನ್ನು ಅಂಗಡಿಯ ಕಡೆಯಿಂದಲೇ ಸರಿಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ಗಿರಾಕಿಗೂ ಬ್ಲಾಕರ್ (ಇಂಥ ಕೋಡ್ ತಡೆಯುವ ಸಾಧನ) ಹಾಕಿಕೊಳ್ಳಿ ಎಂದು ಹೇಳುತ್ತ ಕೂರುವುದು ನ್ಯಾಯವೂ ಅಲ್ಲ.

ಮೊದಲು, ಸೈಟ್‌ನಿಂದ ಮಾಹಿತಿ ಎಲ್ಲೆಲ್ಲಿಗೆ ಹೋಗುತ್ತಿದೆ ಎಂಬ ಎಣಿಕೆ. ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ‘ಪ್ರಿಸರ್ವ್ ಲಾಗ್’ ಮತ್ತು ‘ಡಿಸೇಬಲ್ ಕ್ಯಾಶ್’ ಎರಡಕ್ಕೂ ಗುರುತು ಹಾಕುತ್ತೇನೆ. ಫಿಲ್ಟರ್‌ನಲ್ಲಿ ಥರ್ಡ್ ಪಾರ್ಟಿ ರಿಕ್ವೆಸ್ಟ್ (ಹೊರಗಿನ ಕಂಪನಿಗಳಿಗೆ ಹೋಗುವ ಕರೆ) ಮಾತ್ರ ತೋರಿಸು ಎಂದು ಹೇಳಿ ಪುಟ ತೆರೆಯಬೇಕು. ಪುಟದ ತಳದವರೆಗೂ ಉರುಳಿಸಿ, ಯಾಕೆಂದರೆ ಕೆಲವು ಸ್ಕ್ರಿಪ್ಟ್ ಉರುಳಿಸಿದ ಮೇಲೇ ಎಚ್ಚರಾಗುತ್ತವೆ. ಹೊಸ ಪ್ರೊಫೈಲೇ ಯಾಕೆ? ನಿಮ್ಮ ದಿನನಿತ್ಯದ ಬ್ರೌಸರ್‌ನಲ್ಲಿ ಯೂಬ್ಲಾಕ್‌ನಂಥದ್ದು ಇದ್ದರೆ ಕೊಳೆಯೆಲ್ಲ ಅಲ್ಲೇ ನಿಂತು, ಸೈಟ್ ಸ್ವಚ್ಛವಾಗಿದೆ ಎಂದು ಮೋಸ ಹೋಗುತ್ತೀರಿ.

ಈ ಪಟ್ಟಿಯಲ್ಲಿ ಒಂದು ಸಾಲನ್ನು ಮಾಲೀಕರಿಗೆ ಬಿಡಿಸಿ ತೋರಿಸುತ್ತೇನೆ. ಫೇಸ್‌ಬುಕ್ ಡಾಟ್ ಕಾಮ್‌ಗೆ ಹೋಗುವ, ‘ಟಿಆರ್’ ಎಂಬ ಚಿಕ್ಕ ವಿಳಾಸದ ರಿಕ್ವೆಸ್ಟ್ ಅದು. ಒತ್ತಿದರೆ ಒಳಗೆ ಕಾಣುವುದು: ‘ಐಡಿ’, ಅಂದರೆ ಅಂಗಡಿಯ ಪಿಕ್ಸೆಲ್ ಸಂಖ್ಯೆ, ‘ಇವಿ’, ಅಂದರೆ ಏನಾಯಿತು, ಪುಟ ನೋಡಿದರೋ ಬುಟ್ಟಿಗೆ ಹಾಕಿದರೋ, ‘ಡಿಎಲ್’, ಅಂದರೆ ಪುಟದ ಪೂರ್ತಿ ವಿಳಾಸ. ವಿಳಾಸದಲ್ಲಿ ‘ಟೋಪ ತೆನಿ ಸೆರಗು, ಗೋಮಿ ದಡಿ’ ಎಂದು ಸೀರೆಯ ನಮೂನೆ ಇದ್ದರೆ ಅದೂ ಹೋಯಿತು. ಕೊನೆಗೆ ‘ಎಫ್‌ಬಿಪಿ’. ಇದರಲ್ಲಿರುವ ಬರಹ ಎಫ್‌ಬಿ ಎಂದು ಶುರುವಾಗಿ, ಚುಕ್ಕಿ, 1, ಚುಕ್ಕಿ, 13 ಅಂಕಿಯ ಒಂದು ಸಂಖ್ಯೆ, ಚುಕ್ಕಿ, ಮತ್ತೊಂದು ಉದ್ದ ಸಂಖ್ಯೆ. 13 ಅಂಕಿಯದು ಈ ಕುಕೀ (ಬ್ರೌಸರ್‌ನಲ್ಲಿ ಉಳಿಸಿಡುವ ಗುರುತಿನ ಚೀಟಿ) ಹುಟ್ಟಿದ ಗಳಿಗೆ, 1970ರಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿ. ಕೊನೆಯದು ಆ ಬ್ರೌಸರ್‌ಗೆ ಕಟ್ಟಿದ ಗುರುತಿನ ಸಂಖ್ಯೆ. ಇದರ ಆಯಸ್ಸು 90 ದಿನ. ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಕುಕೀ 2 ವರ್ಷ ಬೇಡುತ್ತದೆ, ಕ್ರೋಮ್ ಅದನ್ನು 400 ದಿನಕ್ಕೆ ಕತ್ತರಿಸುತ್ತದೆ. ಇಷ್ಟು ತೋರಿಸಿದ ಮೇಲೆ “ನೋಡ್ಲಿ ಬಿಡ್ರಿ” ಎಂದವರೂ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಇನ್ನು ಕೀಳುವ ಕೆಲಸ. ವರ್ಡ್‌ಪ್ರೆಸ್ ಸೈಟ್‌ನಲ್ಲಿ ಪಿಕ್ಸೆಲ್ ಸಾಮಾನ್ಯವಾಗಿ ನಾಲ್ಕು ಕಡೆ ಅಡಗಿರುತ್ತದೆ: ಥೀಮ್‌ನ ಹೆಡರ್, ಮಾರಾಟದ ಪ್ಲಗಿನ್ (ಸೈಟ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್), ಪ್ರತ್ಯೇಕ ಪಿಕ್ಸೆಲ್ ಪ್ಲಗಿನ್, ಇಂಥ ಕೋಡ್‌ಗಳನ್ನು ಒಂದೆಡೆ ಇಟ್ಟು ಓಡಿಸುವ ಗೂಗಲ್ ಟ್ಯಾಗ್ ಮ್ಯಾನೇಜರ್. ಬಹಳ ಮಂದಿ ಹೆಡರ್‌ನಲ್ಲಿದ್ದುದನ್ನು ಅಳಿಸಿ ಸುಮ್ಮನಾಗುತ್ತಾರೆ. ಟ್ಯಾಗ್ ಮ್ಯಾನೇಜರ್ ಒಳಗಿನದು ಪುಟದ ಸೋರ್ಸ್‌ನಲ್ಲಿ ಕಾಣುವುದೇ ಇಲ್ಲ, ಅದು ಓಡಿದಾಗ ಮಾತ್ರ ಹುಟ್ಟುತ್ತದೆ. ಎರಡು ಕಡೆ ಇದ್ದರೆ ಒಂದೇ ಆರ್ಡರ್ ಎರಡು ಸಲ ಲೆಕ್ಕಕ್ಕೆ ಬಂದು ಜಾಹೀರಾತಿನ ಲೆಕ್ಕವೂ ಸುಳ್ಳಾಗುತ್ತದೆ. ಅಳಿಸಿದ ಮೇಲೆ, ಪುಟದ ಪ್ರತಿ ಉಳಿಸಿಟ್ಟಿರುವ ಕ್ಯಾಶ್ ಪ್ಲಗಿನ್ ಖಾಲಿ ಮಾಡಲೇಬೇಕು, ಇಲ್ಲವಾದರೆ ಹಳೆಯ ಪುಟವೇ ಗಿರಾಕಿಗೆ ಹೋಗುತ್ತಿರುತ್ತದೆ.

ಇದಕ್ಕಿಂತ ಕಷ್ಟದ್ದು ಅಂಗಡಿಯ ಸರ್ವರ್‌ನಿಂದ ಫೇಸ್‌ಬುಕ್‌ಗೆ ನೇರ ಹೋಗುವ ಮಾಹಿತಿ, ಕನ್ವರ್ಷನ್ಸ್ ಎಪಿಐ ಎನ್ನುತ್ತಾರೆ. ಇದು ಎಫ್12ರಲ್ಲಿ ಬಾರದು, ಗಿರಾಕಿಯ ಬ್ಲಾಕರ್ ಇದನ್ನು ತಡೆಯಲಾರದು. ಜೊತೆಗೆ ‘ಅಡ್ವಾನ್ಸ್‌ಡ್ ಮ್ಯಾಚಿಂಗ್’ ಚಾಲೂ ಇದ್ದರೆ ಫಾರ್ಮ್‌ನಲ್ಲಿ ತುಂಬಿದ ಮೊಬೈಲ್ ನಂಬರ್, ಇಮೇಲ್ ಕೂಡ ಹೋಗುತ್ತವೆ. “ಹ್ಯಾಶ್ ಮಾಡಿ ಕಳಸ್ತೀವಿ, ಯಾರ್ದೂ ಗೊತ್ತಾಗೂದಿಲ್ಲ” ಎನ್ನುವ ಸಮಾಧಾನ ನಿಲ್ಲುವುದಿಲ್ಲ. ಹ್ಯಾಶ್ ಎಂದರೆ ನಂಬರನ್ನು ಲೆಕ್ಕ ಹಾಕಿ ಗುರುತು ಸಿಗದ ಅಕ್ಷರಮಾಲೆಯಾಗಿಸುವುದು, ಆದರೆ ಒಂದೇ ನಂಬರಿಗೆ ಯಾವಾಗಲೂ ಒಂದೇ ಮಾಲೆ. ಪಡೆಯುವವರ ಬಳಿ ಅದೇ ನಂಬರ್ ಇರುತ್ತದೆ, ಅದನ್ನೂ ಅದೇ ರೀತಿ ಹ್ಯಾಶ್ ಮಾಡಿ ಹೊಂದಿಸಿ ನೋಡುವುದೇ ಆ ವ್ಯವಸ್ಥೆಯ ಕೆಲಸ. ಪ್ಲಗಿನ್ ಸೆಟ್ಟಿಂಗ್‌ನಲ್ಲೂ ಫೇಸ್‌ಬುಕ್‌ನ ಇವೆಂಟ್ಸ್ ಮ್ಯಾನೇಜರ್‌ನಲ್ಲೂ ಎರಡೂ ಕಡೆ ಬಂದ್ ಮಾಡುತ್ತೇನೆ.

ಉಳಿದವು ಚಿಲ್ಲರೆ. ಚಾಟ್ ವಿಜೆಟ್ ತೆಗೆದು ಬರೀ ವಾಟ್ಸ್ಆ್ಯಪ್ ಲಿಂಕ್, ಒತ್ತುವವರೆಗೂ ಅದು ಏನನ್ನೂ ಕಳಿಸುವುದಿಲ್ಲ. ಗೂಗಲ್ ಮ್ಯಾಪ್ ಬದಲು ದಾರಿಯ ಚಿತ್ರ, ಅದಕ್ಕೊಂದು ಲಿಂಕ್. ಯೂಟ್ಯೂಬ್ ವಿಡಿಯೊಗೆ ನೋಕುಕೀ ವಿಳಾಸ ಬಳಸಿದರೂ ಪುಟ ತೆರೆದ ಕೂಡಲೇ ಗೂಗಲ್ ಸರ್ವರ್‌ಗೆ ಕರೆ ಹೋಗುತ್ತದೆ, ಹಾಗಾಗಿ ನಮ್ಮಲ್ಲೇ ಇಟ್ಟ ಚಿತ್ರ ಒತ್ತಿದ ಮೇಲೇ ವಿಡಿಯೊ ಬರುವಂತೆ ಮಾಡಿ. ಪೇಮೆಂಟ್ ಸ್ಕ್ರಿಪ್ಟ್ ಹಣ ಕಟ್ಟುವ ಪುಟದಲ್ಲಿ ಮಾತ್ರ.

ಫಾಂಟ್ ವಿಷಯದಲ್ಲಿ ಕನ್ನಡದವರು ಜೋಪಾನ. ಗೂಗಲ್ ಫಾಂಟ್ಸ್‌ನಿಂದ ಕರೆಸಿದರೆ ಬಂದವರ ಐಪಿ ವಿಳಾಸ ಅವರಿಗೆ ಹೋಗುತ್ತದೆ. ಅದಕ್ಕೆ ಫಾಂಟ್ ಕಡತವನ್ನು ನಮ್ಮ ಸರ್ವರ್‌ನಲ್ಲೇ ಇಡುತ್ತೇವೆ. ಕಡತ ಚಿಕ್ಕದು ಮಾಡಲು ಸಬ್‌ಸೆಟ್ ಮಾಡುವಾಗ (ಬೇಕಾದ ಅಕ್ಷರ ಮಾತ್ರ ಉಳಿಸುವಾಗ) ಯೂನಿಕೋಡ್‌ನ ಕನ್ನಡ ವಲಯದ (0ಸಿ80ರಿಂದ 0ಸಿಎಫ್‌ಎಫ್) ಜೊತೆಗೆ 200ಸಿ ಮತ್ತು 200ಡಿ (ಅಕ್ಷರ ಬಿಡಿಸುವ, ಕೂಡಿಸುವ ಕಾಣದ ಚಿಹ್ನೆಗಳು) ಎರಡನ್ನೂ ಸೇರಿಸಿ. ಅಕ್ಷರ ಜೋಡಿಸುವ ಲೇಔಟ್ ಫೀಚರ್‌ಗಳು ಉಳಿಯದೆ ಹೋದರೆ ಒತ್ತಕ್ಷರ ಮುರಿದು ‘ಚಿಕ್ಕಿ ಪರಾಸ್’ ಎಂಬ ದಡಿಯ ಹೆಸರು ಹೋಗಿ ‘ಚಿಕ್‌ಕಿ ಪರಾಸ್’ ಎಂದು ಮೂಡುತ್ತದೆ.

“ಎಲ್ಲಾ ಕಿತ್ತಿದ್ರ ಎಷ್ಟ್ ಮಂದಿ ಬಂದ್ರು ಅಂತ ಹೆಂಗ ಗೊತ್ತಾಗಬೇಕ್ರಿ?” ಮಾಲೀಕರ ಈ ಮಾತಿನಲ್ಲಿ ಅರ್ಥವಿದೆ. ಸರ್ವರ್ ತಾನೇ ಬರೆದಿಡುವ ಲಾಗ್‌ ಅನ್ನು ಗೋಆ್ಯಕ್ಸೆಸ್ ಎಂಬ ಎಣಿಕೆಯ ಸಾಫ್ಟ್‌ವೇರ್‌ಗೆ ಕೊಟ್ಟರೆ ಯಾವ ಸೀರೆಯ ಪುಟ ಎಷ್ಟು ಸಲ ತೆರೆಯಿತು ಎಂದು ಹೇಳುತ್ತದೆ. ಬಾಟ್‌ಗಳನ್ನು (ಮನುಷ್ಯರಲ್ಲದೆ ತಾವೇ ಪುಟ ತೆರೆಯುವ ಪ್ರೋಗ್ರಾಂಗಳನ್ನು) ಬಿಟ್ಟು ಎಣಿಸುವ ಆಯ್ಕೆ ಹಾಕದಿದ್ದರೆ ಸಂಖ್ಯೆ ಉಬ್ಬುತ್ತದೆ. ಹೆಚ್ಚು ಬೇಕಾದವರಿಗೆ ಅನಲಿಟಿಕ್ಸ್‌ನಂಥದೇ ಕೆಲಸ ಮಾಡುವ ಮ್ಯಾಟೊಮೊವನ್ನು ಅವರದೇ ಸರ್ವರ್‌ನಲ್ಲಿ ಹಾಕಿ, ಕುಕೀ ಬಂದ್ ಮಾಡಿ, ಐಪಿಯ ಕೊನೆಯ 2 ಬೈಟ್ ಮುಚ್ಚುತ್ತೇನೆ. ಮತ್ತೆ ಮತ್ತೆ ಬರುವವರ ಲೆಕ್ಕ ಆಗ ಸರಿಯಾಗಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಊರಿನ ಲೆಕ್ಕವಂತೂ ದುಬಾರಿ ಟ್ರ್ಯಾಕರ್‌ನಲ್ಲೂ ನೆಚ್ಚುವಂಥದ್ದಲ್ಲ. ಮೊಬೈಲ್ ಇಂಟರ್‌ನೆಟ್‌ನ ಐಪಿ ನೋಡಿ ಹುನಗುಂದದವರನ್ನು ಬೆಂಗಳೂರಿನವರೆಂದು ತೋರಿಸುವುದುಂಟು. ವಾಟ್ಸ್ಆ್ಯಪ್ ಸ್ಟೇಟಸ್‌ಗೊಂದು, ಇನ್‌ಸ್ಟಾಗ್ರಾಮ್‌ಗೊಂದು ಕೊನೆಯಲ್ಲಿ ಬೇರೆ ಪದದ ಬಾಲವಿರುವ ಲಿಂಕ್ ಕೊಟ್ಟರೆ ಯಾವ ಪೋಸ್ಟ್ ಗಿರಾಕಿ ತಂದಿತು ಎಂದು ತಿಳಿಯುತ್ತದೆ, ಯಾರು ಬಂದರು ಎಂದಲ್ಲ.

ಲಗ್ನದ ಸೀಸನ್‌ಗೆ ಪಿಕ್ಸೆಲ್ ಬೇಕೇ ಬೇಕು ಎನ್ನುವವರು ಗಿರಾಕಿಯ ಒಪ್ಪಿಗೆ ಕೇಳಿ ಹಾಕಬೇಕು. ‘ಕುಕೀಗಳನ್ನು ಸ್ವೀಕರಿಸಿ’ ಎಂದರೆ ಯಾರಿಗೂ ಏನೂ ತಿಳಿಯದು. ನಾನು ಬರೆಯುವುದು ಹೀಗೆ: “ನೀವು ಇಲ್ಲಿ ಯಾವ ಸೀರೆ ನೋಡಿದಿರಿ ಎಂಬುದನ್ನು ಫೇಸ್‌ಬುಕ್‌ಗೆ ತಿಳಿಸಬಹುದೇ? ತಿಳಿಸಿದರೆ ಅಲ್ಲಿ ನಿಮಗೆ ನಮ್ಮ ಜಾಹೀರಾತು ಕಾಣಿಸುತ್ತದೆ.” ಕೆಳಗೆ ‘ಆಗಲಿ’, ‘ಬೇಡ’, ಎರಡೂ ಒಂದೇ ಅಳತೆ, ಒಂದೇ ಬಣ್ಣ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಪ್ರಶ್ನೆ ತೆರೆಯ ಮೇಲೆ ಇರುವಾಗಲೇ ಹಿಂದೆ ಪಿಕ್ಸೆಲ್ ಓಡಿರುತ್ತದೆ. ಹೊಸ ಪ್ರೊಫೈಲ್‌ನಲ್ಲಿ ಏನೂ ಒತ್ತದೆ ಒಂದು ಸಲ, ‘ಬೇಡ’ ಒತ್ತಿ ಇನ್ನೊಂದು ಸಲ ನೋಡಿ. ‘ಟಿಆರ್’ ಸಾಲು ಎರಡೂ ಸಲ ಬರಬಾರದು. ತಳದಲ್ಲಿ ‘ಒಪ್ಪಿಗೆ ಬದಲಿಸಿ’ ಎಂಬ ಲಿಂಕ್ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಬರಬೇಕು, ಸೂಚನೆಯನ್ನು ಕನ್ನಡದಲ್ಲೂ ಓದಲು ಬರಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಎಂಬುದನ್ನು ಮಾಲೀಕರಿಗೆ ಅಭಿಮಾನದಿಂದ ಹೇಳುತ್ತೇನೆ.

ಪಿಕ್ಸೆಲ್ ಕಿತ್ತ ಮೇಲೆ ಫೇಸ್‌ಬುಕ್‌ನ ‘ಸೇಲ್ಸ್’ ಗುರಿಯ (ಸೈಟ್‌ನಲ್ಲಿ ಮಾರಾಟ ತರುವ) ಜಾಹೀರಾತು ಸೊರಗುತ್ತದೆ, ಇದು ನಿಜ. ವಾಟ್ಸ್ಆ್ಯಪ್‌ಗೆ ಕರೆತರುವ ಜಾಹೀರಾತಿಗೆ ಪಿಕ್ಸೆಲ್ ಬೇಡ, ನಮ್ಮ ಕಡೆಯ ಆರ್ಡರ್ ಹೇಗೂ ಅಲ್ಲೇ ಕುದುರುತ್ತದೆ. ಬದಲಾವಣೆಯನ್ನು ಸೀಸನ್ ನಡುವೆ ಮಾಡಬೇಡಿ, ಒಂದು ತಿಂಗಳು ಮುಂಚೆ ಮುಗಿಸಿ. ಪ್ಲಗಿನ್ ಅಪ್‌ಡೇಟ್ ಆದಾಗ ಬಂದ್ ಮಾಡಿದ್ದು ತಾನೇ ಚಾಲೂ ಆಗುವುದುಂಟು. ಮೂರು ತಿಂಗಳಿಗೊಮ್ಮೆ ಹೊಸ ಪ್ರೊಫೈಲ್, ಎಫ್12, ಹತ್ತು ನಿಮಿಷ.