ಫೈಬರ್ ದೋಣಿಯ ತಳಕ್ಕೆ ಬಣ್ಣ: ಮೊದಲು ಉಜ್ಜಿ, ಒಣಗಿಸಿ, ಆಮೇಲೆ ಬಳಿಯಿರಿ

ವಾಣಿವಿಲಾಸ ಸಾಗರದಲ್ಲಾಗಲಿ ಸೂಳೆಕೆರೆಯಲ್ಲಾಗಲಿ ತಿಂಗಳುಗಟ್ಟಲೆ ನೀರಿನಲ್ಲೇ ನಿಲ್ಲುವ ಫೈಬರ್ ದೋಣಿಗೆ, ಅದು ಹಾಯಿಯದ್ದಿರಲಿ ಮೋಟಾರಿನದ್ದಿರಲಿ, ಮುಖ್ಯ ಶತ್ರು ಪಾಚಿಯಲ್ಲ, ನೀರೇ. ಜೆಲ್‌ಕೋಟ್ ಎಂಬ ಹೊರಪದರದ ಮೂಲಕ ನೀರು ನಿಧಾನವಾಗಿ ಒಳಗೆ ಇಳಿದು, ಅಲ್ಲಿರುವ ಕರಗುವ ರಾಸಾಯನಿಕಗಳೊಡನೆ ಸೇರಿ ಗಟ್ಟಿ ದ್ರಾವಣವಾಗುತ್ತದೆ. ಆ ದ್ರಾವಣ ಮತ್ತಷ್ಟು ನೀರನ್ನು ಎಳೆದುಕೊಂಡಾಗ ಒತ್ತಡ ಹೆಚ್ಚಿ ತಳದಲ್ಲಿ ಬೊಕ್ಕೆಗಳು ಏಳುತ್ತವೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈ ತೊಂದರೆ ಹೆಚ್ಚು.

ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ತಿಂಗಳು ಅನುಕೂಲ. ದೋಣಿಯನ್ನು ದಡದಿಂದ ದೂರಕ್ಕೆ ತಂದು ಟಾರ್ಪಾಲಿನ ಮೇಲೆ ನಿಲ್ಲಿಸಿ, ಪಾಚಿ ಹಸಿಯಾಗಿರುವಾಗಲೇ ಮರದ ಅಥವಾ ಪ್ಲಾಸ್ಟಿಕ್ ಹಲಗೆಯಿಂದ ಕೆರೆದು ತೊಳೆಯಬೇಕು. ಒಣಗಿದ ಪಾಚಿ ಸುಲಭಕ್ಕೆ ಬಿಡುವುದಿಲ್ಲ. ನೀರಿನ ಗೆರೆಗೆ ಮಾಸ್ಕಿಂಗ್ ಟೇಪ್ ಅಂಟಿಸಿದ ನಂತರ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೇಣ ಮತ್ತು ಎಣ್ಣೆಯ ಅಂಶವನ್ನು ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸುತ್ತಿರಬೇಕು. ಇದನ್ನು ಬಿಟ್ಟು ನೇರವಾಗಿ ಉಜ್ಜಲು ಹೊರಟರೆ ಮೇಣವು ಗೀರುಗಳೊಳಗೆ ಸೇರಿಕೊಂಡು, ಮುಂದೆ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ.

ಬೊಕ್ಕೆಯನ್ನು ಒಡೆದಾಗ ವಿನೆಗರಿನಂಥ ಹುಳಿ ವಾಸನೆಯ, ಜಿಗುಟಾದ ದ್ರವ ಚಿಮ್ಮುವುದುಂಟು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗಟ್ಟಿ ಫೈಬರ್ ಸಿಗುವವರೆಗೆ ಬಿಡಿಸಿ, ಶುದ್ಧ ನೀರಿನಿಂದ ಮತ್ತೆ ಮತ್ತೆ ತೊಳೆದು, ಒಣಗಲು ಬಿಡಬೇಕು. ಒಣಗುವುದೆಂದರೆ ಒಂದೆರಡು ದಿನದ ಮಾತಲ್ಲ, ವಾರಗಳೇ ಹಿಡಿಯಬಹುದು. ಹಿರಿಯೂರು ಸೀಮೆಯ ಒಣಗಾಳಿ ಇಲ್ಲಿ ದೊಡ್ಡ ಉಪಕಾರ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚನ್ನು ತಳಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಮರುದಿನ ಒಳಮೈ ಬೆವರಿದೆಯೇ ಎಂದು ನೋಡಿ. ಬೆವರಿದ್ದರೆ ಇನ್ನೂ ಕಾಯಬೇಕು. ಪೂರ್ತಿ ಒಣಗಿದ ಕುಳಿಗಳನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ, ಇಡೀ ತಳವನ್ನು 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಎಲ್ಲೂ ಹೊಳಪು ಉಳಿಯದಂತೆ ಉಜ್ಜಿರಿ. ಹಳೆಯ ತಾಮ್ರಯುಕ್ತ ಬಣ್ಣವಿದ್ದರೆ ಒಣದಾಗಿ ಉಜ್ಜಲೇಬಾರದು, ಅದರ ಧೂಳು ವಿಷ. ನೀರು ಹಾಕಿ ಉಜ್ಜಬೇಕು, ಮಾಸ್ಕ್ ಧರಿಸಬೇಕು.

ಇನ್ನು ನೀರು ಒಳಗಿಳಿಯದಂತೆ ಹಚ್ಚುವ ತಡೆಪದರ. ಎಪಾಕ್ಸಿ ಪ್ರೈಮರಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲೇ, ಸ್ವಲ್ಪಸ್ವಲ್ಪವಾಗಿ ಕಲಸಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ತುಂಬಿದ ಮಗ್ಗನ್ನು ಹಾಗೇ ಇಟ್ಟರೆ ಅದು ತಾನೇ ಕಾದು, ರೋಲರ್ ಮುಟ್ಟುವ ಮೊದಲೇ ಕಲ್ಲಾಗುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ, ಒಂದರ ಮೇಲೊಂದರಂತೆ ನಾಲ್ಕೈದು ಕೋಟ್ ಹಚ್ಚಿ, ಒಟ್ಟು ದಪ್ಪ ಸುಮಾರು 250 ಮೈಕ್ರಾನ್ ಆಗುವಂತೆ ನೋಡಿಕೊಳ್ಳಬೇಕು. ಕೋಟುಗಳ ನಡುವೆ ಡಬ್ಬಿಯ ಮೇಲೆ ಹೇಳಿದ ಅವಧಿ ಮೀರಿದರೆ ಮೇಲೆ ಏಳುವ ಜಿಡ್ಡನ್ನು ನೀರಿನಿಂದ ತಿಕ್ಕಿ ತೊಳೆದು, ಮತ್ತೆ ಉಜ್ಜಿಯೇ ಮುಂದುವರಿಯಬೇಕು.

ಸಮುದ್ರದ ದೋಣಿಗಳಿಗೆ ಬಳಿಯುವ ತಾಮ್ರಯುಕ್ತ ಆಂಟಿಫೌಲಿಂಗ್ ಬಣ್ಣವನ್ನು ಇಲ್ಲಿ ಹಚ್ಚಬೇಕೆ? ಬೇಡವೆಂಬುದೇ ನನ್ನ ಅಭಿಪ್ರಾಯ. ಕಡಲಿನಲ್ಲಿ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪುಜೀವಿಗಳಿಗಾಗಿ ಆ ವಿಷ ಬೇಕು; ನಮ್ಮ ಕೆರೆಯ ಪಾಚಿಗೆ ಬ್ರಷ್ ಸಾಕು. ಮೇಲಾಗಿ ಚಿತ್ರದುರ್ಗ, ಹಿರಿಯೂರಿನ ನಲ್ಲಿಗಳಿಗೆ ಬರುವುದು ವಾಣಿವಿಲಾಸದ ನೀರು. ತಾಮ್ರದ ಬಣ್ಣಕ್ಕಿಂತಲೂ ಉಗ್ರವಾದ ತವರದ ಸಂಯುಕ್ತದ ಬಣ್ಣಗಳನ್ನು ಹಡಗುಗಳಿಗೂ ಬಳಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲೇ ಜಾರಿಗೆ ಬಂದಿದೆ. ದೋಣಿಯನ್ನು ಮುಂದೆ ಮಲ್ಪೆಗೋ ಕಾರವಾರಕ್ಕೋ ಒಯ್ಯುವವರು ಮಾತ್ರ, ಕೊನೆಯ ಎಪಾಕ್ಸಿ ಕೋಟಿನ ಮೇಲೆ ಹೆಬ್ಬೆರಳಿನ ಗುರುತು ಮೂಡುವಷ್ಟು ಜಿಗುಟು ಉಳಿದಿರುವಾಗಲೇ ತಾಮ್ರದ ಬಣ್ಣದ ಮೊದಲ ಕೋಟ್ ಹಚ್ಚಲಿ, ಚುಕ್ಕಾಣಿ ಮತ್ತು ನೀರಿನ ಗೆರೆಗೆ ಒಂದು ಕೋಟ್ ಹೆಚ್ಚಿಗೆ ಕೊಡಲಿ. ಅಲ್ಯುಮಿನಿಯಂ ದೋಣಿಗೆ ತಾಮ್ರದ ಬಣ್ಣ ಸೋಕಿಸಲೇಬಾರದು, ಲೋಹ ತಿಂದುಹೋಗುತ್ತದೆ.

ಮೋಟಾರಿನ ಲೋಹದ ಬದಲು ತಾನೇ ಸವೆಯುವ ಆನೋಡ್ ತುಂಡಿಗೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ. ಸಿಹಿನೀರಿಗೆ ಸತುವಿನದಕ್ಕಿಂತ ಮೆಗ್ನೀಸಿಯಂ ಆನೋಡ್ ಸೂಕ್ತ. ಬಣ್ಣ ಒಣಗಿದ ನಂತರ ಆಧಾರದ ದಿಮ್ಮಿಗಳನ್ನು ಪಕ್ಕಕ್ಕೆ ಸರಿಸಿ, ಅವು ತಾಗಿದ್ದರಿಂದ ಉಳಿದ ಜಾಗಕ್ಕೂ ಅಷ್ಟೇ ಕೋಟ್ ಹಚ್ಚಿ. ತಯಾರಕರು ಸೂಚಿಸಿದಷ್ಟು ದಿನ ಗಟ್ಟಿಯಾಗಲು ಬಿಟ್ಟು, ಟಾರ್ಪಾಲಿನ ಮೇಲಿನ ಪುಡಿಯನ್ನು ಚೀಲಕ್ಕೆ ತುಂಬಿದ ಮೇಲೆಯೇ ದೋಣಿಯನ್ನು ನೀರಿಗಿಳಿಸಿ.