ಹೊರಗಿನಿಂದ ಸರ್ಜನ್, ಒಳಗಿನಿಂದ ನಾನು: ಬಿಡದ ಏಟ್ರಿಯಲ್ ಫಿಬ್ರಿಲೇಷನ್‌ಗೆ ಜೋಡಿ ಚಿಕಿತ್ಸೆ

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ (ಎಎಫ್) ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುತ್ತಿರುತ್ತವೆ. ಏಳು ದಿನ ದಾಟಿದರೂ ಹೋಗದಿದ್ದರೆ ಅದು ಪರ್ಸಿಸ್ಟೆಂಟ್. ಬೆಳಗಾವಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಇಂಥವರೇ ಜಾಸ್ತಿ. ಅಥಣಿ, ರಾಮದುರ್ಗದ ಕಡೆಯವರು ಬರುವಷ್ಟರಲ್ಲಿ ಎಷ್ಟೋ ಸಲ ವರ್ಷವೇ ಕಳೆದಿರುತ್ತದೆ. "ದಮ್ಮ ಹತ್ತತಿತ್ರಿ ಸಾಹೇಬ್ರ, ವಯಸ್ಸಾತು ಅಂತ ಸುಮ್ನಿದ್ದೆ" ಅನ್ನುತ್ತಾರೆ.

ಶ್ವಾಸಕೋಶದಿಂದ ಬರುವ ಪಲ್ಮನರಿ ವೇನ್‌ಗಳ ಬಾಯಿಯಲ್ಲಿ ಈ ನಡುಕ ಎಬ್ಬಿಸುವ ಕರೆಂಟಿನ ಕಿಡಿ ಹುಟ್ಟುತ್ತದೆ ಎಂದು ಫ್ರಾನ್ಸಿನ ಬೋರ್ಡೋ ತಂಡ 1998ರಲ್ಲಿ ತೋರಿಸಿತು. ಅಲ್ಲಿ ಸುತ್ತಲೂ ಸುಟ್ಟು ಬೇಲಿ ಹಾಕಿದರೆ, ಬಂದು ಹೋಗುವ ತರಹದ ಎಎಫ್ ಬಹಳಷ್ಟು ಜನರಲ್ಲಿ ಹಿಡಿತಕ್ಕೆ ಬರುತ್ತದೆ. ಹಳೆಯದಾದರೆ ಎಡ ಕೋಣೆ ಹಿಗ್ಗಿ, ಅದರ ಹಿಂದಿನ ಗೋಡೆಯೂ ಕೆಟ್ಟಿರುತ್ತದೆ. ರಕ್ತನಾಳದೊಳಗಿಂದ ಏರಿಸುವ ತೆಳು ಕೊಳವೆ, ಅಂದರೆ ಕ್ಯಾಥೆಟರ್‌ನಿಂದ, ಅಲ್ಲಿ ಜೋರಾಗಿ ಸುಡಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಗೋಡೆಗೆ ಅಂಟಿಕೊಂಡೇ ಅನ್ನನಾಳ ಇದೆ. ಅದಕ್ಕೇ ನಾನು ನಮ್ಮ ಹಾರ್ಟ್ ಸರ್ಜನ್ ಜೊತೆ ಸೇರಿಕೊಂಡೆ.

ಮೊದಲ ಸರದಿ ಅವರದು. ಎದೆ ಸೀಳುವುದಿಲ್ಲ, ಹಾರ್ಟ್-ಲಂಗ್ ಮೆಷಿನ್ ಬೇಕಿಲ್ಲ. ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ. ಎರಡೂ ಕಡೆ ವೇನ್‌ಗಳನ್ನು ಕ್ಲ್ಯಾಂಪ್‌ನಲ್ಲಿ ಹಿಡಿದು ರೇಡಿಯೋಫ್ರೀಕ್ವೆನ್ಸಿ ಕರೆಂಟಿನ ಶಾಖದಿಂದ ಸುಡುತ್ತಾರೆ. ಮೇಲೊಂದು, ಕೆಳಗೊಂದು ಗೆರೆ ಎಳೆದು ಹಿಂದಿನ ಗೋಡೆಯನ್ನು ಚೌಕಾಕಾರವಾಗಿ ಪ್ರತ್ಯೇಕಿಸುತ್ತಾರೆ. ಎಡ ಕೋಣೆಗೆ ಅಂಟಿದ ಸಣ್ಣ ಚೀಲ, ಅಂದರೆ ಅಪೆಂಡೇಜ್‌ಗೆ, ಕ್ಲಿಪ್ ಹಾಕುತ್ತಾರೆ. ವಾಲ್ವ್ ಕಾಯಿಲೆ ಇಲ್ಲದವರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಅಲ್ಲೇ.

ಆ ಹೊತ್ತಿನಲ್ಲಿ ನಾನೂ ಓಟಿಯಲ್ಲಿ ನಿಲ್ಲುತ್ತೇನೆ. ಇದನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲಿ ಕೊಬ್ಬು ದಪ್ಪವಿತ್ತು, ಎಲ್ಲಿ ಕ್ಲ್ಯಾಂಪ್ ಸರಿಯಾಗಿ ಕೂರಲಿಲ್ಲ ಎಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳುತ್ತೇನೆ. ಹೊರಗಿನ ಶಾಖ ಕೊಬ್ಬಿನಲ್ಲಿ ತಡೆಯುತ್ತದೆ, ಒಳಗೆ ಹರಿಯುವ ರಕ್ತ ಅದನ್ನು ತಂಪು ಮಾಡುತ್ತದೆ. ಹಾಗಾಗಿ ಸುಟ್ಟ ಗೆರೆ ಗೋಡೆಯ ಆಚೆ ಬದಿ ಮುಟ್ಟಿರುತ್ತದೆ ಅನ್ನುವ ಖಾತ್ರಿ ಇಲ್ಲ. ಕಬ್ಬಿನ ಹೊಲದ ಬದು ಒಂದೇ ಕಡೆ ಒಡೆದರೂ ನೀರೆಲ್ಲ ಆಚೆ ಹೋಗುತ್ತದಲ್ವಾ, ಇಲ್ಲಿ ಕರೆಂಟ್ ಹಾಗೆಯೇ ಹೋಗುತ್ತದೆ.

ಕೆಲವು ವಾರ ಬಿಟ್ಟು, ಗಾಯದ ಊತ ಇಳಿದ ಮೇಲೆ, ನನ್ನ ಸರದಿ. ತೊಡೆಸಂದಿಯ ವೇನ್‌ನಿಂದ ಕ್ಯಾಥೆಟರ್ ಏರಿಸಿ, ನಡುಗೋಡೆ ಚುಚ್ಚಿ ಎಡಕ್ಕೆ ದಾಟುತ್ತೇನೆ. ತ್ರೀಡಿ ಮ್ಯಾಪ್ ತೆಗೆದು, ಆ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಡೆದ ಜಾಗ ಹುಡುಕುತ್ತೇನೆ. ಸರ್ಜನ್‌ಗೆ ಹೊರಗಿನಿಂದ ಸರಿಯಾಗಿ ಸಿಗದ ಗೆರೆಗಳೂ ನನ್ನ ಪಾಲು: ಬಲ ಕೋಣೆಯ ಟ್ರೈಕಸ್ಪಿಡ್ ವಾಲ್ವ್ ಹತ್ತಿರದ್ದು, ಬೇಕಾದರೆ ಮೈಟ್ರಲ್ ವಾಲ್ವ್ ಕಡೆಯದ್ದು. ಅನ್ನನಾಳದಲ್ಲಿ ತಾಪಮಾನದ ಪ್ರೋಬ್ ಇರುತ್ತದೆ. ಬಿಸಿ ಏರಿದ ತಕ್ಷಣ ಕೈ ಎತ್ತುತ್ತೇನೆ.

ಎಲ್ಲರಿಗೂ ಇದನ್ನು ಹೇಳುವುದಿಲ್ಲ. ನಮ್ಮ ಕಡೆ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾದವರು ಇನ್ನೂ ಬರುತ್ತಾರೆ. ಅವರಿಗೆ ಮೊದಲು ವಾಲ್ವ್ ಸರಿಯಾಗಬೇಕು. ತೆರೆದ ಆಪರೇಷನ್ ಆಗುವುದಾದರೆ, ಜೇಮ್ಸ್ ಕಾಕ್ಸ್ 1987ರಲ್ಲಿ ಶುರುಮಾಡಿದ ಮೇಜ್ ಶಸ್ತ್ರಕ್ರಿಯೆಯನ್ನು (ಕೋಣೆಯ ಗೋಡೆಯಲ್ಲಿ ಚಕ್ರವ್ಯೂಹದಂತೆ ಗೆರೆಗಳನ್ನು ಹಾಕಿ ಕರೆಂಟ್ ತಡೆಯುವುದು) ಅದರ ಜೊತೆಗೇ ಮಾಡಬಹುದು.

ಮನೆಯವರಿಗೆ ಅಂಕಿಯನ್ನೂ ಹೇಳುತ್ತೇನೆ. ಎದೆಮೂಳೆಯ ಕೆಳಗಿನಿಂದ ಹೋಗುವ ಇನ್ನೊಂದು ಬಗೆಯ ಜೋಡಿ ಚಿಕಿತ್ಸೆಯನ್ನು ಕನ್ವರ್ಜ್ ಅಧ್ಯಯನ 153 ಜನರಲ್ಲಿ ನೋಡಿತು. 2020ರಲ್ಲಿ ಬಂದ ಅದರ ವರದಿ ಪ್ರಕಾರ, ಒಂದು ವರ್ಷದ ನಂತರ ಜೋಡಿ ಚಿಕಿತ್ಸೆ ಆದವರಲ್ಲಿ ಶೇ 67.7 ಜನರಿಗೆ ಗುಣ ಸಿಕ್ಕಿತ್ತು. ಬರೀ ಕ್ಯಾಥೆಟರ್ ಆದವರಲ್ಲಿ ಶೇ 50. ಆದರೆ ತೊಂದರೆಗಳೂ ಜೋಡಿಯಲ್ಲಿ ಜಾಸ್ತಿ ಇದ್ದವು. ಎರಡನ್ನೂ ಕೇಳಿದ ಮೇಲೆಯೇ ಅವರು ಸಹಿ ಹಾಕಬೇಕು.

ನನಗೆ ದೊಡ್ಡ ಚಿಂತೆ ಮನೆಗೆ ಹೋದ ಮೇಲಿನದು. ನಾಡಿ ಸರಿಯಾಯಿತೆಂದು, ಲಕ್ವ ತಡೆಯಲು ಕೊಟ್ಟ ರಕ್ತ ತೆಳುವಾಗಿಸುವ ಗುಳಿಗೆ ಬಿಟ್ಟುಬಿಡುತ್ತಾರೆ. ಅದನ್ನು ನಿಲ್ಲಿಸುವುದು ನಾಡಿ ನೋಡಿ ಅಲ್ಲ. ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಹೊಡೆದಿತ್ತಾ ಎಂಬ ಲೆಕ್ಕ ನೋಡಿ. ಅದಕ್ಕೇ ಡಿಸ್ಚಾರ್ಜ್ ದಿನ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು ಗುಳಿಗೆಯ ಹೆಸರು, ಹೊತ್ತು, ಮುಂದಿನ ಹೋಲ್ಟರ್ (ಮೈಗೆ ಕಟ್ಟಿ ದಿನವಿಡೀ ಇಸಿಜಿ ತೆಗೆಯುವ ಯಂತ್ರ) ತಾರೀಖು ಕನ್ನಡದಲ್ಲಿ ಬರೆದುಕೊಡುತ್ತೇನೆ.