ಎಪ್ಪತ್ತು ದಾಟಿದವನ ಸೇಡು: ಚಿತ್ರಕಥೆ ಕಟ್ಟುವಾಗಿನ ನನ್ನ ಅನುಭವ

ವಯಸ್ಸಾದ ನಾಯಕ ತಾನೇ ನ್ಯಾಯ ತೀರಿಸಲು ಹೊರಡುವ ಚಿತ್ರಕಥೆಗೆ ಕೂತಾಗ ನಾನು ಮೊದಲು ಅವನ ಮಾತ್ರೆ ಚೀಟಿ ಬರೆದುಕೊಳ್ಳುತ್ತೇನೆ. ಬಿಪಿಗೆ ಬೀಟಾ ಬ್ಲಾಕರ್ ನುಂಗುವವನು ಓಡಿದರೂ ಅವನ ಎದೆಬಡಿತ ಬೇಕಾದಷ್ಟು ಏರುವುದಿಲ್ಲ, ಬೇಗ ಸುಸ್ತು ಹೊಡೆಯುತ್ತದೆ. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತಗೊಳ್ಳುವವನ ಮುಂಗೈಯನ್ನು ಯಾರಾದರೂ ಹಿಡಿದೆಳೆದರೆ ಸಾಕು, ಅಲ್ಲಿ ನೇರಳೆ ಕಲೆ ಏಳುತ್ತದೆ, ವಾರಗಟ್ಟಲೆ ಉಳಿಯುತ್ತದೆ. ಆ ಒಂದು ಕಲೆಯಿಂದ ಎಷ್ಟೋ ಸೀನು ಹುಟ್ಟುತ್ತವೆ: ಸೆಖೆಯಲ್ಲೂ ತುಂಬುತೋಳಿನ ಅಂಗಿ, ಬಟ್ಟೆ ಒಗೆಯುವಾಗ ಸೊಸೆಗೆ ಬರುವ ಅನುಮಾನ, ಕಾಫಿ ಲೋಟ ಕೈಗಿಡುವಾಗ ಎಸ್‌ಐ ಕಣ್ಣು ಹೋಗುವ ಜಾಗ.

ಇಂಥ ಚಿತ್ರದ ನಿಧಾನ ಆ ದೇಹದಿಂದಲೇ ಬರಬೇಕು. ‘ಹ್ಯಾರಿ ಬ್ರೌನ್’ (2009) ನೋಡಿ. ಮೈಕೆಲ್ ಕೇನ್ ಮಾಡಿದ ನಿವೃತ್ತ ಸೈನಿಕನಿಗೆ ಶ್ವಾಸಕೋಶದ ಕಾಯಿಲೆ; ಬೆನ್ನಟ್ಟುವ ಹೊತ್ತಲ್ಲಿ ಉಸಿರು ಸಾಲದೆ ಕಾಲುವೆ ದಂಡೆಯಲ್ಲಿ ಕುಸಿಯುತ್ತಾನೆ. ಪುಂಡರಿಗೆ ಹೆದರಿ ಸುರಂಗದಾರಿ ಬಿಟ್ಟು ಸುತ್ತುದಾರಿ ಹಿಡಿದಿದ್ದರಿಂದ ಹೆಂಡತಿಯ ಕೊನೆಯುಸಿರಿಗೂ ತಲುಪಿರುವುದಿಲ್ಲ. ಮುಂದೆ ಅವನು ಆ ಸುರಂಗಕ್ಕೇ ಇಳಿದಾಗ ನಮಗೆ ಸಂಭಾಷಣೆ ಬೇಕಾಗುವುದೇ ಇಲ್ಲ.

ನಡಿಗೆಗೆ ಲೆಕ್ಕ ಇಡುತ್ತೇನೆ. ಕೋಲೂರಿ ನಡೆಯುವವನಿಗೆ ಸೆಕೆಂಡಿಗೆ 0.8 ಮೀಟರ್, ಹರೆಯದವನಿಗೆ 1.4. ಇಪ್ಪತ್ತು ಮೀಟರಿನ ಕಾರಿಡಾರ್ ದಾಟಲು ಒಬ್ಬನಿಗೆ 25 ಸೆಕೆಂಡು, ಇನ್ನೊಬ್ಬನಿಗೆ 14. ಎಡಿಟಿಂಗ್ ಟೇಬಲ್‌ನಲ್ಲಿ ಮೊದಲು ಕತ್ತರಿ ಬೀಳುವುದು ಆ ಹೆಚ್ಚುವರಿ 11 ಸೆಕೆಂಡಿಗೇ. ಅದು ಉಳಿಯಬೇಕಾದರೆ ಅಷ್ಟರಲ್ಲಿ ಏನಾದರೊಂದು ಮುಗಿಯುತ್ತಾ ಬರುತ್ತಿರಬೇಕು. ಸಂಪಿನ ಮೋಟರ್ ಓಡುತ್ತಿರುವಷ್ಟು ಹೊತ್ತು ಕೋಲಿನ ಸದ್ದು ಕೇಳಿಸದು, ಟ್ಯಾಂಕು ತುಂಬಿದರೆ ಕೇಳಿಸುತ್ತದೆ. ಇದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಆ ಶಾಟನ್ನು ಯಾರೂ ಉದ್ದ ಅನ್ನುವುದಿಲ್ಲ.

ಎರಡು ಗಂಟೆಯ ಚಿತ್ರದಲ್ಲಿ ಅವನ ಕೈಯಿಂದ ಆಗುವ ಮೊದಲ ಹಿಂಸೆಯನ್ನು ಐವತ್ತನೇ ನಿಮಿಷದ ಆಸುಪಾಸಿನಲ್ಲಿ ಇಡುತ್ತೇನೆ. ಸರಿಯಾಗಿ ಇಂಟರ್ವಲ್‌ಗೆ ಇಟ್ಟರೆ ಶಿಳ್ಳೆ ಬೀಳುತ್ತದೆ, ಆದರೆ ಆ ಕೆಲಸ ಅವನಿಂದ ಏನೇನು ಕಿತ್ತುಕೊಂಡಿತು ಎಂಬುದು ಕಾಣುವುದಿಲ್ಲ. ಹತ್ತು ನಿಮಿಷ ಮೊದಲಿಟ್ಟರೆ ನಡುಗುವ ಕೈ, ಬಿಚ್ಚಲಾಗದ ಶರ್ಟಿನ ಗುಂಡಿ ಎಲ್ಲಕ್ಕೂ ಜಾಗ ಸಿಗುತ್ತದೆ.

ಆಯುಧದಲ್ಲಿ ಬಹಳ ಜನ ಎಡವುತ್ತಾರೆ. ಜೋಡುನಳಿಗೆ ಕೋವಿಯಲ್ಲಿ ಎರಡೇ ಈಡು. ಆಮೇಲೆ ಮೇಲಿನ ಕೀಲನ್ನು ಹೆಬ್ಬೆರಳಿಂದ ತಳ್ಳಿ, ನಳಿಗೆ ಮಡಚಿ, ಹೊಸ ತೋಟೆ ತುಂಬಬೇಕು. ಸಂಧಿವಾತದ ಹೆಬ್ಬೆರಳಿಗೆ ಆ ಕೀಲೇ ಶತ್ರು. ಕಣ್ಣಿನದು ಇನ್ನೊಂದು ಪಾಡು: ದೂರದ ಕನ್ನಡಕ ಹಾಕಿದರೆ ನಳಿಗೆ ತುದಿಯ ಗುರಿಮಣಿ ಮಸುಕು, ಓದುವ ಕನ್ನಡಕ ಹಾಕಿದರೆ ಎದುರಿನ ಆಳು ಮಸುಕು. ಬೈಫೋಕಲ್ ಹಾಕಿ ಮೆಟ್ಟಿಲಿಳಿಯುವವನಿಗೆ ಕೆಳಗಿನ ಮೆಟ್ಟಿಲೇ ಸರಿಯಾಗಿ ಕಾಣದು. ನಮ್ಮಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುತ್ತಾರೆ. ಕಥೆಯ ಕಾಲವನ್ನು ಅಲ್ಲಿಗೆ ತಂದರೆ ಅವನಿಗೊಂದು ಗಡುವು ತಾನಾಗಿಯೇ ಸಿಗುತ್ತದೆ. 1999ರ ರಷ್ಯನ್ ಚಿತ್ರ ‘ವೊರೊಶಿಲೊವ್‌ಸ್ಕಿ ಸ್ತ್ರೆಲೋಕ್’ನಲ್ಲಿ ಮೊಮ್ಮಗಳಿಗಾದ ಅನ್ಯಾಯಕ್ಕೆ ಅಜ್ಜ ಹಳ್ಳಿಮನೆ ಮಾರಿ ರೈಫಲ್ ಕೊಳ್ಳುತ್ತಾನೆ. ಆಯುಧಕ್ಕೆ ಇಂಥ ಬೆಲೆ ತೆತ್ತವನು ಟ್ರಿಗರ್ ಮುಟ್ಟುವ ಮೊದಲೇ ನಮ್ಮವನಾಗಿರುತ್ತಾನೆ.

‘ಇಂಡಿಯನ್’ನ (1996) ಸೇನಾಪತಿಯದು ಬೇರೆ ದಾರಿ. ಮೈಯ ಮರ್ಮಸ್ಥಾನಗಳಿಗೆ ಹೊಡೆಯುವ ಮರ್ಮಕಲೆ ಬಲ್ಲ ಅವನನ್ನು ವಯಸ್ಸು ತಡೆಯುವುದಿಲ್ಲ. ಆ ರಭಸ ನನಗೂ ಇಷ್ಟ, ಆದರೆ ಅದನ್ನು ಈ ಬಗೆಯ ಕಥೆಗೆ ಬೆರೆಸಿದರೆ ಹಿಂದೆ ಕಟ್ಟಿದ್ದೆಲ್ಲ ಸುಳ್ಳಾಗುತ್ತದೆ. ನನ್ನ ನಾಯಕನ ಸೈನ್ಯದ ದಿನಗಳ ಫ್ಲ್ಯಾಶ್‌ಬ್ಯಾಕನ್ನೂ ಅದಕ್ಕೇ ತೆಗೆಯುತ್ತೇನೆ: ಗಟ್ಟಿಮುಟ್ಟಾದ ಮೈ ಒಮ್ಮೆ ಕಣ್ಣಿಗೆ ಬಿದ್ದರೆ ಜನ ಅದೇ ಮರಳಿ ಬರಲಿ ಎಂದು ಕಾಯುತ್ತಾರೆ.

ಸದ್ದಿನಲ್ಲಿ ಎರಡು ಕೆಲಸ. ಅವನ ಕಿವಿಯಿಂದ ಕೇಳಿಸುವ ಕಡೆ 4 ಕಿಲೋಹರ್ಟ್ಸ್‌ನಿಂದ ಮೇಲಿನ ತೀಕ್ಷ್ಣ ಸದ್ದನ್ನು ತಗ್ಗಿಸುತ್ತೇನೆ. ವಯಸ್ಸಾದಂತೆ ಮೊದಲು ಹೋಗುವುದು ಅದೇ. ಸ, ಶ, ಚಗಳು ಕರಗಿ ಸ್ವರ ಮಾತ್ರ ಉಳಿಯುತ್ತದೆ. ಪಿಸುಮಾತಿನ ಬೆದರಿಕೆ ಅವನಿಗೆ ಅರ್ಧವೇ ತಲುಪುವುದು ಹೀಗೆ. ಇನ್ನು ಏದುಸಿರು: ಡಬ್ಬಿಂಗ್ ರೂಮಿನಲ್ಲಿ ಕೂತು ಮಾಡಿದರೆ ಲಯ ಒಂದೇ ಸಮ ಇರುತ್ತದೆ, ಸುಳ್ಳೆಂದು ಗೊತ್ತಾಗುತ್ತದೆ. ಟೇಕ್ ಮುಗಿದ ಕೂಡಲೇ, ನಟ ಇನ್ನೂ ಕುರ್ಚಿ ಹಿಡಿದಿರುವಾಗಲೇ, ಅಂಗಿಗೆ ಸಿಕ್ಕಿಸಿದ ಲೇಪಲ್ ಮೈಕಿನಲ್ಲಿ ಒಂದು ನಿಮಿಷ ಬರೀ ಅವನ ಉಸಿರನ್ನು ರೆಕಾರ್ಡ್ ಮಾಡಿಕೊಳ್ಳಿ. ಬಿಜಿಎಂ (ಹಿನ್ನೆಲೆ ಸಂಗೀತ) ಹಾಕಬೇಕೋ ಬೇಡವೋ ಎಂಬುದನ್ನು ಆ ಟ್ರ್ಯಾಕ್ ಕೂರಿಸಿದ ಮೇಲೆ ನೋಡೋಣ.